ಹಳೆಯ ರಿಸೀವರ್‌ಗಳನ್ನು ಹೋಲಿಸುವ ಮುನ್ನ

ಮರಾಂಟ್ಜ್ ದನಿ ಮೆತ್ತಗೆ, ಪಯೋನೀರ್ ಚುರುಕು, ಸ್ಯಾನ್ಸುಯಿಗೆ ಬಾಸ್ ಹೆಚ್ಚು, ಯಮಾಹಾ ಸ್ವಲ್ಪ ಒಣಕಲು. ಹಳೆಯ ಸ್ಟೀರಿಯೋ ರಿಸೀವರ್‌ಗಳ ಮಾತು ಎಲ್ಲೇ ಎದ್ದರೂ ಈ ನಾಲ್ಕು ತೀರ್ಪು ಹಾಜರು. ಇವುಗಳಲ್ಲಿ ಕಿವಿ ಕೊಟ್ಟು ಕೇಳಿದ್ದೆಷ್ಟು, ಬಾಯಿಂದ ಬಾಯಿಗೆ ಬಂದದ್ದೆಷ್ಟು ಎಂದು ಬಿಡಿಸುವುದು ಕಷ್ಟ. ನನ್ನ ತಕರಾರು ತೀರ್ಪಿನ ಮೇಲಲ್ಲ, ಆ ತೀರ್ಪಿಗೆ ಬರುವ ದಾರಿಯ ಮೇಲೆ. ಸುಮಾರು ಐವತ್ತು ವರ್ಷ ಹಳೆಯ ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು, ಒಂದರಿಂದ ಸ್ಪೀಕರ್ ತಂತಿ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿ, ಅದೇ ಹಾಡು ಹಾಕಿ ಕೇಳಿದಾಗ ನಾವು ನಿಜವಾಗಿ ಹೋಲಿಸುತ್ತಿರುವುದು ಮೂರು ಸಂಗತಿಗಳನ್ನು: ಎರಡರ ವಾಲ್ಯೂಮ್ ಮಟ್ಟ, ಒಳಗಿನ ಬಿಡಿಭಾಗಗಳು ಎಷ್ಟು ಸವೆದಿವೆ ಎಂಬುದು, ಮತ್ತು ನಮ್ಮ ಆ ಒಂದು ಜೋಡಿ ಸ್ಪೀಕರ್ ಜೊತೆ ಯಾವುದು ಹೇಗೆ ಹೊಂದುತ್ತದೆ ಎಂಬುದು. ಈ ಮೂರನ್ನು ಸಮ ಮಾಡಿ ಕೂತರೆ, 1970ರ ದಶಕದ ಎರಡು ಸುಸ್ಥಿತಿಯ ಟ್ರಾನ್ಸಿಸ್ಟರ್ ರಿಸೀವರ್‌ಗಳ ನಡುವಿನ ಅಂತರ ಬಹುಪಾಲು ಕರಗಿಹೋಗುತ್ತದೆ. ಆಮೇಲೂ ಉಳಿಯುವ ಅಂತರ ನಿಜವಾದದ್ದು. ಆದರೆ ಅದು ಜನ ಹುಡುಕುವ ಜಾಗದಲ್ಲಿ ಇರುವುದಿಲ್ಲ.

ರಿಸೀವರ್ ಅಂದರೆ ರೇಡಿಯೋ ಟ್ಯೂನರ್, ಸಿಗ್ನಲ್ ಆಯ್ದು ಹದ ಮಾಡುವ ಪ್ರೀ-ಆಂಪ್, ಸ್ಪೀಕರಿಗೆ ಬಲ ಕೊಡುವ ಪವರ್ ಆಂಪ್ ಮೂರೂ ಒಂದೇ ಪೆಟ್ಟಿಗೆಯಲ್ಲಿ. 1954ರಲ್ಲಿ ಹರ್ಮನ್ ಕಾರ್ಡನ್ ತಂದ ಫೆಸ್ಟಿವಲ್ ಡಿ1000 ಈ ಕುಲದ ಹಿರಿಯರಲ್ಲಿ ಒಂದು. ಅದು ವಾಲ್ವ್ (ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ಕೊಳವೆ) ಕಾಲದ, ಒಂದೇ ಚಾನೆಲ್ಲಿನ ಪೆಟ್ಟಿಗೆ. 1960ರ ದಶಕದಲ್ಲಿ ಫಿಶರ್ 500-ಸಿ ತರಹದ ಸ್ಟೀರಿಯೋ ವಾಲ್ವ್ ರಿಸೀವರ್‌ಗಳು ಬಂದವು. ಈಗ ಬೆಲೆ ಏರಿಸಿಕೊಂಡು ಕೂತಿರುವ ಅಲ್ಯುಮಿನಿಯಂ ಮುಖದ, ನೀಲಿ ಅಥವಾ ಹಸಿರು ದೀಪದ ಜಪಾನಿ ಟ್ರಾನ್ಸಿಸ್ಟರ್ ರಿಸೀವರ್‌ಗಳ ಸುಗ್ಗಿ 1970ರ ದಶಕದ್ದು: 70 ವ್ಯಾಟಿನ ಮರಾಂಟ್ಜ್ 2270, 110 ವ್ಯಾಟಿನ ಸ್ಯಾನ್ಸುಯಿ 9090, 160 ವ್ಯಾಟಿನ ಪಯೋನೀರ್ ಎಸ್‌ಎಕ್ಸ್-1250, 100 ವ್ಯಾಟಿನ ಯಮಾಹಾ ಸಿಆರ್-2020. ದಶಕದ ಕೊನೆಗೆ ಪೈಪೋಟಿ ಹುಚ್ಚಿಗೆ ತಿರುಗಿ ಪಯೋನೀರ್ ಎಸ್‌ಎಕ್ಸ್-1980 ಚಾನೆಲ್ಲಿಗೆ 270 ವ್ಯಾಟ್, ಟೆಕ್ನಿಕ್ಸ್ ಎಸ್ಎ-1000 330 ವ್ಯಾಟ್ ಮುಟ್ಟಿದವು. ಎಸ್‌ಎಕ್ಸ್-1980 ತೂಕ ಸುಮಾರು 35 ಕಿಲೋ. ಒಬ್ಬರೇ ಎತ್ತಿ ಶೆಲ್ಫಿಗೆ ಇಡುವ ವಸ್ತುವಲ್ಲ.

ಈ ವ್ಯಾಟ್‌ಗಳನ್ನು ನಂಬಬಹುದೇ? ಈ ಕಾಲದವನ್ನು ಬಹುಮಟ್ಟಿಗೆ ನಂಬಬಹುದು, ಅದಕ್ಕೆ ಕಾರಣವೂ ಇದೆ. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್ ಜಾಹೀರಾತುಗಳಿಗೆ ನಿಯಮ ತಂದಿತು. ಎರಡೂ ಚಾನೆಲ್ ಒಟ್ಟಿಗೆ ಓಡಬೇಕು, ಪವರ್ ಎಡೆಬಿಡದೆ ಬರಬೇಕು, ಯಾವ ಆವರ್ತನದಿಂದ ಯಾವ ಆವರ್ತನದವರೆಗೆ ಎಂದು ಹೇಳಬೇಕು, ಡಿಸ್ಟಾರ್ಷನ್ (ದನಿಯ ವಿಕಾರ) ಎಷ್ಟು ಎಂದೂ ಹೇಳಬೇಕು. ಅಳೆಯುವ ಮೊದಲು ಒಂದು ಗಂಟೆ ಕಾಲ ಮೂರನೇ ಒಂದು ಭಾಗ ಪವರ್‌ನಲ್ಲಿ ಓಡಿಸಬೇಕಿತ್ತು. ಈ ಕೊನೆಯ ಷರತ್ತೇ ಕಠಿಣವಾದದ್ದು. ಈ ರಿಸೀವರ್‌ಗಳಲ್ಲಿರುವ ಕ್ಲಾಸ್ ಎಬಿ ಬಗೆಯ ಆಂಪ್ ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಪವರ್‌ನಲ್ಲಲ್ಲ, ಹೆಚ್ಚುಕಡಿಮೆ ಆ ಮೂರನೇ ಒಂದರ ಆಸುಪಾಸಿನಲ್ಲಿ. ಹಾಗಾಗಿ ತಯಾರಕರು ಬಿಸಿ ಹೊರಹಾಕುವ ದೊಡ್ಡ ಹೀಟ್‌ಸಿಂಕ್, ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಲೇಬೇಕಾಯಿತು. ಆ ಕಾಲದ 45 ವ್ಯಾಟ್ ಅಂದರೆ 45 ವ್ಯಾಟೇ. ನಮ್ಮಲ್ಲಿ ಆಮೇಲೆ ಟೇಪ್ ರೆಕಾರ್ಡರ್ ಅಂಗಡಿಗಳಲ್ಲಿ ಡಬ್ಬದ ಮೇಲೆ 1000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಉಬ್ಬಿಸಿದ ಅಂಕಿ) ಎಂದು ಬರೆದು ಮಾರಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆದರೆ ವ್ಯಾಟ್ ಹೆಚ್ಚಾದರೆ ದನಿ ಉತ್ತಮವಾಗುತ್ತದೆ ಎಂಬುದು ಇನ್ನೊಂದು ಭ್ರಮೆ. ಪವರ್ ಇಮ್ಮಡಿಯಾದರೆ ಸಿಗುವುದು ಬರೀ 3 ಡೆಸಿಬೆಲ್. 45 ವ್ಯಾಟಿನಿಂದ 160ಕ್ಕೆ ಹೋದರೆ 5.5 ಡೆಸಿಬೆಲ್. ಒಂದು ವ್ಯಾಟಿಗೆ 88 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರ್ ಇಟ್ಟುಕೊಂಡು ಹಾಲ್‌ನಲ್ಲಿ ಕೂತು ಕೇಳುವಾಗ ಹೆಚ್ಚು ಹೊತ್ತು ಖರ್ಚಾಗುವುದು ಒಂದು ವ್ಯಾಟಿಗಿಂತ ಕಡಿಮೆ. ದೊಡ್ಡ ರಿಸೀವರ್ ಬೇಕಾಗುವುದು ಮೃದಂಗದ ಒಂದು ಗಟ್ಟಿ ಪೆಟ್ಟಿಗೆ, ತವಿಲಿಗೆ. ಆ ಕ್ಷಣಕ್ಕೆ ಮಾತ್ರ. ಚಿಕ್ಕ ಕೋಣೆಯಲ್ಲಿ, ಮಿತವಾದ ಮಟ್ಟದಲ್ಲಿ, 160 ವ್ಯಾಟಿನ ಪೆಟ್ಟಿಗೆಯೂ 40 ವ್ಯಾಟಿನ ಹರ್ಮನ್ ಕಾರ್ಡನ್ 730 ಕೂಡ ಒಂದೇ ಕೆಲಸ ಮಾಡುತ್ತಿರುತ್ತವೆ.

ಮೊದಲ ಕೆಲಸ: ಮಟ್ಟ ಸಮ ಮಾಡುವುದು

ಎರಡರಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಾಗಿದ್ದರೆ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ. ತುಂಬು, ಸ್ಪಷ್ಟ, ಜೀವಂತ ಎಂದು ಗುರುತಿಸುತ್ತದೆ. ಹೋಲಿಕೆಗಳಲ್ಲಿ ಗೆದ್ದ ಎಷ್ಟೋ ರಿಸೀವರ್‌ಗಳು ಗೆದ್ದದ್ದು ಇಷ್ಟರಿಂದಲೇ. ಎರಡರ ಗುಂಡಿಯನ್ನೂ ಗಡಿಯಾರದ ಹನ್ನೊಂದು ಗಂಟೆಯ ಜಾಗಕ್ಕೆ ಇಟ್ಟೆ ಎಂಬುದು ಲೆಕ್ಕಕ್ಕಿಲ್ಲ. ಒಂದೊಂದರ ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಬೇರೆ.

ಮಾಡುವುದು ಹೀಗೆ. ಫೋನಿನಲ್ಲಿ 400 ಹರ್ಟ್ಜ್‌ನ ಸೈನ್ ಟೋನ್ (ಒಂದೇ ಸಮನಾದ ಶುದ್ಧ ಸ್ವರ) ಹಾಕಿ, ರಿಸೀವರ್ ಹಿಂದಿನ ಆಕ್ಸ್ ಇನ್‌ಪುಟ್‌ಗೆ ಕೊಡಿ. ಅಗ್ಗದ ಮಲ್ಟಿಮೀಟರ್‌ಗಳು ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುವುದು ಸುಮಾರು ಅಷ್ಟು ಆವರ್ತನದವರೆಗೆ ಮಾತ್ರ. ಅದಕ್ಕೇ 1000 ಹರ್ಟ್ಜ್ ಬೇಡ. ಸ್ಪೀಕರ್ ಜೋಡಿಸಿಯೇ ಇರಲಿ. ಸ್ಪೀಕರ್ ತುದಿಗಳಲ್ಲಿ ಮೀಟರ್ ಹಿಡಿದು ವಾಲ್ಯೂಮ್ ತಿರುಗಿಸಿ, 1 ವೋಲ್ಟ್ ಬರುವವರೆಗೆ. 8 ಓಮ್ ಸ್ಪೀಕರಿಗೆ ಅದು ಎಂಟರಲ್ಲೊಂದು ವ್ಯಾಟ್. ಇನ್ನೊಂದು ರಿಸೀವರನ್ನೂ ಅಷ್ಟಕ್ಕೇ ತನ್ನಿ. 1.00 ಮತ್ತು 1.02 ಇದ್ದರೆ ವ್ಯತ್ಯಾಸ ಸುಮಾರು 0.17 ಡೆಸಿಬೆಲ್; ಅಲ್ಲಿಗೆ ಸಾಕು. 1.06 ಇದ್ದರೆ ಅರ್ಧ ಡೆಸಿಬೆಲ್, ಹೋಲಿಕೆ ಹಾಳು. ಎಡ, ಬಲ ಎರಡನ್ನೂ ಬೇರೆಬೇರೆ ಅಳೆಯಿರಿ.

ಎಡ-ಬಲ ಏಕೆಂದರೆ ಹಳೆಯ ವಾಲ್ಯೂಮ್ ಕಂಟ್ರೋಲಿನ ಎರಡು ಪಟ್ಟಿಗಳು ಆರಂಭದ ಭಾಗದಲ್ಲಿ ಒಂದಕ್ಕೊಂದು ಸಮ ಇರುವುದಿಲ್ಲ. ಈಗಿನ ಪ್ಲೇಯರ್‌ಗಳು ಇದನ್ನು ಇನ್ನಷ್ಟು ಕೆಡಿಸುತ್ತವೆ. 1970ರ ದಶಕದ ರಿಸೀವರ್‌ನ ಆಕ್ಸ್ ಇನ್‌ಪುಟ್ ಸಾಮಾನ್ಯವಾಗಿ 150 ಮಿಲಿವೋಲ್ಟ್‌ಗೇ ಪೂರ್ತಿ ಪವರ್ ಕೊಡುವಂತೆ ಮಾಡಿದ್ದು. ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಮಾಡುವ ಪೆಟ್ಟಿಗೆ) ಕೊಡುವುದು 2 ವೋಲ್ಟ್, ಅಂದರೆ ಹದಿಮೂರು ಪಟ್ಟು, 22 ಡೆಸಿಬೆಲ್‌ಗೂ ಹೆಚ್ಚು. ಗುಂಡಿ ಎಂಟು ಗಂಟೆಯಿಂದ ಒಂಬತ್ತಕ್ಕೆ ಹೋಗುವುದರೊಳಗೆ ಮನೆ ನಡುಗುತ್ತದೆ, ಗಾಯಕಿಯ ದನಿ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿರುತ್ತದೆ. ಕೆಲವು ರಿಸೀವರ್‌ಗಳಲ್ಲಿ ವಾಲ್ಯೂಮಿಗೆ ಮುಂಚೆಯೇ ಒಂದು ಗೇನ್ ಹಂತ ಇದ್ದು, 2 ವೋಲ್ಟ್ ಬಂದರೆ ಅಲ್ಲೇ ಸಿಗ್ನಲ್ ಕತ್ತರಿಸಿಹೋಗುತ್ತದೆ; ವಾಲ್ಯೂಮ್ ಇಳಿಸಿದರೂ ಒರಟು ಹೋಗುವುದಿಲ್ಲ. ಪರಿಹಾರ ಅಗ್ಗ: ಪ್ರತಿ ಚಾನೆಲ್ಲಿಗೆ ಸರಣಿಯಲ್ಲಿ 22 ಕಿಲೋಓಮ್, ಅದರ ನಂತರ ಗ್ರೌಂಡಿಗೆ 4.7 ಕಿಲೋಓಮ್, ಎರಡೂ ಒಂದು ಪ್ರತಿಶತದ ಮೆಟಲ್ ಫಿಲ್ಮ್ ರೆಸಿಸ್ಟರ್. ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಗುಂಡಿ ಹನ್ನೊಂದು-ಹನ್ನೆರಡರ ಬಳಿ ಬಂದು ಎರಡೂ ಪಟ್ಟಿ ಸಮವಾಗುತ್ತವೆ. ಇದನ್ನು ಮಾಡದೆ ರಿಸೀವರ್ ಬಗ್ಗೆ ಮಾತಾಡುವವರ ಮಾತನ್ನು ನಾನು ಅರ್ಧ ಮಾತ್ರ ಕೇಳುತ್ತೇನೆ.

ಉಳಿದದ್ದು: ಲೌಡ್‌ನೆಸ್ ಆಫ್, ಫಿಲ್ಟರ್‌ಗಳು ಆಫ್, ಬಾಸ್ ಟ್ರೆಬಲ್ ಗುಂಡಿಗಳನ್ನು ಬದಿಗಿಡುವ ಟೋನ್ ಡಿಫೀಟ್ ಇದ್ದರೆ ಒತ್ತಿ. ಇಲ್ಲದಿದ್ದರೆ ಬಾಸ್ ಟ್ರೆಬಲ್ ನಡುವಿನ ಗೀಟಿನಲ್ಲಿ ಇರಲಿ, ಆದರೆ ನಡುವಿನ ಗೀಟು ನಿಜಕ್ಕೂ ಸಮತಟ್ಟು ಎಂದು ನಂಬಬೇಡಿ. ಗುಂಡಿಯ ಹಿಂದಿನ ಹಳೆಯ ಪಾಟ್‌ಗಳಲ್ಲಿ ಗೀಟಿನ ಜಾಗದಲ್ಲೂ ಅರ್ಧ-ಒಂದು ಡೆಸಿಬೆಲ್ ಏರಿಳಿತ ಇರಬಹುದು. ಮರಾಂಟ್ಜ್‌ನದು ಮೆತ್ತನೆ ಅನ್ನಿಸಲು ಅಷ್ಟೇ ಸಾಕು. ಸ್ಪೀಕರ್ ಬದಲಿಸಲು ಸ್ವಿಚ್ ಪೆಟ್ಟಿಗೆ ಬಳಸುವುದಾದರೆ ಅದು ಪ್ಲಸ್ ಮೈನಸ್ ಎರಡನ್ನೂ ಬಿಡಿಸುವಂಥದ್ದಿರಬೇಕು, ಮೊದಲನೆಯದನ್ನು ಪೂರ್ತಿ ಕಡಿದ ಮೇಲೆ ಎರಡನೆಯದನ್ನು ಮುಟ್ಟುವಂಥದ್ದಿರಬೇಕು. ಎರಡು ಆಂಪ್‌ಗಳ ಔಟ್‌ಪುಟ್ ಒಂದು ಕ್ಷಣ ಒಂದಕ್ಕೊಂದು ತಾಗಿದರೂ ಟ್ರಾನ್ಸಿಸ್ಟರ್ ಹೋಗಬಹುದು.

ಕಣ್ಣಿಗೆ ಕಾಣದಂತೆ ಯಾರಾದರೂ ಬದಲಿಸುತ್ತಿರಲಿ, ನೀವು ಹದಿನಾರು ಸಲ ಗುರುತಿಸಲು ಯತ್ನಿಸಿ. ಕಣ್ಣುಮುಚ್ಚಿ ಊಹಿಸಿದರೂ ಹನ್ನೆರಡು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ. ಹನ್ನೆರಡು ದಾಟಿದರೆ ಅಂತರ ಇದೆ ಎನ್ನಬಹುದು. ಒಂಬತ್ತು ಸರಿಯಾಯಿತೆಂದು ಬೀಗುವಂತಿಲ್ಲ. ಕೇಳಲು ಬಳಸುವ ಸಂಗೀತದ ಆಯ್ಕೆಯೂ ಮುಖ್ಯ. ತಂಬೂರಿಯ ಝೇಂಕಾರ ಮೇಲಿನ ಸ್ವರಾಂಶಗಳನ್ನು ತೋರಿಸುತ್ತದೆ, ಮೃದಂಗದ ತೊಪ್ಪಿಯ ಗುಮ್ಮು ಕೆಳಗಿನ ಹಿಡಿತವನ್ನು, ವೀಣೆಯ ತಂತಿ ಕರಗುತ್ತ ಹೋಗುವ ಕೊನೆ ಕೆಳಮಟ್ಟದ ಡಿಸ್ಟಾರ್ಷನ್ನನ್ನು. ಅಬ್ಬರದ ಸಿನಿಮಾ ಹಾಡು ಇದಕ್ಕೆ ಬೇಡ. ಅದರಲ್ಲಿ ಯಾವುದೂ ಅಡಗಿಕೊಳ್ಳಬಲ್ಲದು.

ಎರಡನೆಯದು: ವಯಸ್ಸು

ಕೆಟ್ಟ ಮರಾಂಟ್ಜ್ ಮತ್ತು ಸರ್ವಿಸ್ ಆದ ಪಯೋನೀರ್ ನಡುವಿನ ಅಂತರ ಯಾವ ಎರಡು ಬ್ರಾಂಡ್‌ಗಳ ನಡುವಿನ ಅಂತರಕ್ಕಿಂತಲೂ ದೊಡ್ಡದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬ್ರಾಂಡಿನ ಗುಣ ಎಂದು ಕರೆಯುವ ಬಹಳಷ್ಟು ಸಂಗತಿಗಳು ರೋಗಲಕ್ಷಣಗಳು.

ಅತಿ ಸಾಮಾನ್ಯವಾದದ್ದು ಬಯಾಸ್ ಕರೆಂಟು ಜಾರಿರುವುದು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸಿಗ್ನಲ್ ಇಲ್ಲದಾಗಲೂ ಸ್ವಲ್ಪ ಕರೆಂಟು ಹರಿಸುತ್ತಿರಬೇಕು. ಅದು ಕಡಿಮೆಯಾದರೆ, ಸಿಗ್ನಲ್ ಮೇಲಿನಿಂದ ಕೆಳಗೆ ದಾಟುವ ಹೊತ್ತಿಗೆ ಒಂದು ಟ್ರಾನ್ಸಿಸ್ಟರ್ ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಸಂದಿ ಬೀಳುತ್ತದೆ. ಜೋರಾಗಿ ಹಾಕಿದಾಗ ತಿಳಿಯುವುದಿಲ್ಲ. ಮೆಲ್ಲಗೆ ಕೇಳುವಾಗ ದನಿ ಒರಟು, ಮರಳು ಸವರಿದಂತೆ. ಟ್ರಾನ್ಸಿಸ್ಟರ್ ದನಿಯೇ ಹೀಗೆ ಎಂದು ವಾಲ್ವ್ ಪ್ರಿಯರು ತಲೆ ಅಲ್ಲಾಡಿಸುವುದು ಇಂಥ ಪೆಟ್ಟಿಗೆ ಕೇಳಿಯೇ. ಅಳೆಯುವುದು ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಜೋಡಿಸಿದ ಎಮಿಟರ್ ರೆಸಿಸ್ಟರ್ ಮೇಲೆ. ರೆಸಿಸ್ಟರ್ 0.5 ಓಮ್ ಇದ್ದು ಮೀಟರ್ 15 ಮಿಲಿವೋಲ್ಟ್ ತೋರಿಸಿದರೆ 30 ಮಿಲಿಆಂಪಿಯರ್. ಎಷ್ಟಿರಬೇಕು ಎಂಬುದನ್ನು ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು. ಹದಿನೈದು ನಿಮಿಷ ಬಿಸಿಯಾದ ಮೇಲೆ ಅಳೆಯಿರಿ, ಸ್ಪೀಕರ್ ಇಲ್ಲದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು. ಬಯಾಸ್ ತಿರುಗಿಸುವ ಆ ಪುಟ್ಟ ಟ್ರಿಮ್ ಪಾಟ್ ಐವತ್ತು ವರ್ಷದ್ದೇ ಆಗಿದ್ದರೆ ಮುಟ್ಟುವ ಮೊದಲು ಹೊಸದನ್ನು ಬೆಸೆಯಿರಿ. ಅದರ ಒಳಗಿನ ಸ್ಪರ್ಶ ಒಂದು ಕ್ಷಣ ತಪ್ಪಿದರೆ ಅನೇಕ ಸರ್ಕ್ಯೂಟ್‌ಗಳಲ್ಲಿ ಕರೆಂಟು ಒಮ್ಮೆಲೇ ಏರಿ ಔಟ್‌ಪುಟ್ ಜೋಡಿ ಸುಟ್ಟುಹೋಗುತ್ತದೆ.

ಡಿಸಿ ಆಫ್‌ಸೆಟ್ ಅದರ ಜೊತೆಯದು: ಸ್ಪೀಕರಿಗೆ ಸೋರಿ ಬರುವ ನೇರ ಕರೆಂಟು. ಸ್ಪೀಕರ್ ತುದಿಯಲ್ಲಿ ಸಿಗ್ನಲ್ ಇಲ್ಲದಾಗ ಡಿಸಿ 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ನೂರು ದಾಟಿದರೆ ಒಳಗೆ ಏನೋ ಸರಿಯಿಲ್ಲ: ಸೋರುವ ಕೆಪಾಸಿಟರ್, ಇಲ್ಲವೇ ಮೊದಲ ಹಂತದ ಟ್ರಾನ್ಸಿಸ್ಟರ್ ಜೋಡಿ ಸಮ ತಪ್ಪಿದ್ದು.

ಸಿಗ್ನಲ್ ಹಾದಿಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದರೆ ಬಾಸ್ ಸೊರಗುತ್ತದೆ. ಇದಕ್ಕೆ ಎದ್ದುಕಾಣುವ ಉದಾಹರಣೆ 1970ರ ದಶಕದ ಆರಂಭದ ಕೆಲವು ಚಿಕ್ಕ ರಿಸೀವರ್‌ಗಳು. ಅವುಗಳಲ್ಲಿ ಸ್ಪೀಕರಿಗೆ ಹೋಗುವ ದಾರಿಯಲ್ಲೇ 1000 ಅಥವಾ 2200 ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರ್ ಕೂತಿರುತ್ತದೆ. 1000 ಮೈಕ್ರೋಫ್ಯಾರಡ್ 8 ಓಮ್ ಸ್ಪೀಕರ್ ಜೊತೆ ಸೇರಿದರೆ ಬಾಸ್ 20 ಹರ್ಟ್ಜ್‌ನಲ್ಲಿ 3 ಡೆಸಿಬೆಲ್ ಇಳಿಯುತ್ತದೆ, ತಕರಾರಿಲ್ಲ. ಅದೇ ಕೆಪಾಸಿಟರ್ ಒಣಗಿ ಅರ್ಧಕ್ಕೆ ಬಂದಿದ್ದು, ಸ್ಪೀಕರ್ 4 ಓಮ್ ಆಗಿದ್ದರೆ ಅದೇ ಇಳಿತ 80 ಹರ್ಟ್ಜ್‌ಗೆ ಬಂದು ನಿಲ್ಲುತ್ತದೆ. ತೊಪ್ಪಿಯ ಗುಮ್ಮು ಹೋಯಿತು. ಕೇಳಿದವರು ಆ ಬ್ರಾಂಡನ್ನು ಬಡಕಲು ಎನ್ನುತ್ತಾರೆ.

ಬದಲಿಸುವಾಗ 2.2 ಮೈಕ್ರೋಫ್ಯಾರಡ್‌ವರೆಗಿನ ಒಂದು ಹಂತದಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳಿಗೆ ಫಿಲ್ಮ್ ಬಗೆಯವನ್ನು ಹಾಕಬಹುದು, ಅದಕ್ಕೆ ಮೇಲಿನವಕ್ಕೆ 105 ಡಿಗ್ರಿಯ ಒಳ್ಳೆಯ ಎಲೆಕ್ಟ್ರೋಲಿಟಿಕ್. ವೋಲ್ಟೇಜ್ ಹಳೆಯದಕ್ಕೆ ಸಮ ಅಥವಾ ಹೆಚ್ಚು. ಕಡಿಮೆ ಎಂದಿಗೂ ಬೇಡ. ಪವರ್ ಸಪ್ಲೈಯ ದೊಡ್ಡ ಕ್ಯಾನ್‌ಗಳು 10,000 ಇದ್ದ ಕಡೆ 12,000 ಹಾಕಿದರೆ ತೊಂದರೆಯಿಲ್ಲ, ಬಾಸ್ ಬರಲಿ ಎಂದು 33,000 ಹಾಕುವುದು ತಪ್ಪು. ಆನ್ ಮಾಡಿದ ಕ್ಷಣ ನುಗ್ಗುವ ಕರೆಂಟಿಗೆ ಹಳೆಯ ಪವರ್ ಸ್ವಿಚ್ಚಿನ ತುದಿ ಸುಡುತ್ತದೆ, ರೆಕ್ಟಿಫೈಯರ್ ಬಳಲುತ್ತದೆ. ಎಲ್ಲವನ್ನೂ ಒಂದೇ ದಿನ ಕಿತ್ತು ಬದಲಿಸಬೇಡಿ. ಒಂದು ಬೋರ್ಡ್, ಆಮೇಲೆ ಪರೀಕ್ಷೆ, ಆಮೇಲೆ ಮುಂದಿನದು. ಹತ್ತು ಬೋರ್ಡ್ ಒಟ್ಟಿಗೆ ಮಾಡಿ ಸದ್ದೇ ಬರದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಲು ಒಂದು ವಾರ ಬೇಕು.

ಒಂದು ಚಾನೆಲ್ ಮೆಲ್ಲಗೆ ಕೇಳುವಾಗ ಸತ್ತಿದ್ದು, ವಾಲ್ಯೂಮ್ ಏರಿಸಿದಾಗ ಟಪ್ ಎಂದು ಜೀವ ಬಂದರೆ ಅದಕ್ಕೆ ಕಾರಣ ಸ್ಪೀಕರ್ ರಿಲೇ (ಸ್ಪೀಕರನ್ನು ತಡವಾಗಿ ಜೋಡಿಸುವ ಸ್ವಯಂ ಸ್ವಿಚ್) ಅಥವಾ ಟೇಪ್ ಮಾನಿಟರ್ ಸ್ವಿಚ್. ಕಪ್ಪುಗಟ್ಟಿದ ತುದಿಯನ್ನು ದಾಟಲು ಸಣ್ಣ ಸಿಗ್ನಲ್ಲಿಗೆ ಬಲ ಸಾಲದು. ಕಾಂಟ್ಯಾಕ್ಟ್ ಕ್ಲೀನರ್ ಚಿಮುಕಿಸಿ ಸ್ವಿಚ್ಚನ್ನು ಇಪ್ಪತ್ತು-ಮೂವತ್ತು ಸಲ ಆಡಿಸಿ. ಕೀಲಿಗೆ, ಸರಪಳಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಬೇಡ. ಅದು ಧೂಳು ಹಿಡಿದು ಪಾಟನ್ನು ಕೆಡಿಸುತ್ತದೆ. ಹಿಂಭಾಗದಲ್ಲಿ ಪ್ರೀ-ಔಟ್, ಮೇನ್-ಇನ್ ಜೋಡಿಸುವ ಲೋಹದ ಜಂಪರ್ ಇದ್ದರೆ ಅದನ್ನೂ ತೆಗೆದು ಉಜ್ಜಿ. ಎಷ್ಟೋ ಸತ್ತ ರಿಸೀವರ್‌ಗಳ ಕಾಯಿಲೆ ಅಷ್ಟೇ ಇರುತ್ತದೆ.

ಸಂಗೀತ ನಿಂತಾಗ ಚಿಟಪಟ, ಹುರಿದ ಹಾಗೆ ಸದ್ದು ಬಂದರೆ ಸಣ್ಣ ಟ್ರಾನ್ಸಿಸ್ಟರ್‌ಗಳ ಮೇಲೆ ಅನುಮಾನ ಪಡಿ. ಹಿಟಾಚಿಯ 2ಎಸ್‌ಸಿ458 ಇದಕ್ಕೆ ಕುಖ್ಯಾತ, 2ಎಸ್ಎ726 ಕೂಡ. ಸ್ಯಾನ್ಸುಯಿ ಪೆಟ್ಟಿಗೆಗಳಲ್ಲಿ ಕೆಪಾಸಿಟರ್ ಹಿಡಿದಿಡಲು ಹಾಕಿದ ಅಂಟು ವರ್ಷಗಳಾದ ಮೇಲೆ ಕಂದುಬಣ್ಣಕ್ಕೆ ತಿರುಗಿ ತಂತಿಗಳನ್ನು ತಿನ್ನುತ್ತದೆ, ಕರೆಂಟನ್ನೂ ಹರಿಸತೊಡಗುತ್ತದೆ. ಅದನ್ನು ಕೆರೆದು ತೆಗೆಯದೆ ಹೊಸ ಕೆಪಾಸಿಟರ್ ಹಾಕಿ ಪ್ರಯೋಜನವಿಲ್ಲ. ಪಯೋನೀರ್ ಎಸ್‌ಎಕ್ಸ್-780ರಲ್ಲಿ ಪ್ರತ್ಯೇಕ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬದಲು ಎಸ್‌ಟಿಕೆ-0050 ಎಂಬ ಒಂದೇ ತುಂಡಿನ ಮಾಡ್ಯೂಲ್ ಇದೆ. ಚೆನ್ನಾಗಿದ್ದಾಗ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಹೋದರೆ ಅಸಲಿ ಸಿಗುವುದು ಕಷ್ಟ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ರೆಸಿಸ್ಟರಿಗೂ ಕೆಪಾಸಿಟರಿಗೂ ಬರವಿಲ್ಲ. ನಿಂತುಹೋದ ಜಪಾನಿ ಪವರ್ ಟ್ರಾನ್ಸಿಸ್ಟರ್‌ಗಳ ಕತೆ ಬೇರೆ. ಜಗತ್ತಿನ ಯಾವ ಮಾರುಕಟ್ಟೆಯಲ್ಲೂ ಅವುಗಳ ನಕಲಿಗೆ ಕೊರತೆಯಿಲ್ಲ. ಈಗ ತಯಾರಾಗುತ್ತಿರುವ ಸಮಾನ ಜೋಡಿಯನ್ನು ಹಾಕುವುದೇ ಕ್ಷೇಮ.

ಮೂರನೆಯದು: ಸ್ಪೀಕರ್

ಸ್ಪೀಕರಿನ ಹಿಂದೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಆವರ್ತನದಲ್ಲೂ 8 ಓಮ್ ಇರುವುದಿಲ್ಲ. ಒಂದು ಕಡೆ 4ಕ್ಕೆ ಇಳಿದು ಇನ್ನೊಂದು ಕಡೆ 20ಕ್ಕೆ ಏರಬಹುದು. ಆಂಪಿಗೂ ತನ್ನದೇ ಒಂದು ಔಟ್‌ಪುಟ್ ಇಂಪಿಡೆನ್ಸ್ (ಎಸಿ ಕರೆಂಟಿಗೆ ತಡೆ) ಇರುತ್ತದೆ. ವಾಲ್ವ್ ರಿಸೀವರಿನ ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರಿನ 8 ಓಮನ್ನು ಆ ಇಂಪಿಡೆನ್ಸಿನಿಂದ ಭಾಗಿಸಿದ್ದು) 8 ಎಂದಿಟ್ಟುಕೊಳ್ಳಿ, ಅಂದರೆ ಇಂಪಿಡೆನ್ಸ್ 1 ಓಮ್. ಸ್ಪೀಕರ್ 4 ಓಮ್ ಇರುವಲ್ಲಿ ಸಿಗ್ನಲ್ ಸುಮಾರು 1.9 ಡೆಸಿಬೆಲ್ ಕುಗ್ಗುತ್ತದೆ, 20 ಓಮ್ ಇರುವಲ್ಲಿ ಬರೀ 0.4. ಅಂತರ 1.5 ಡೆಸಿಬೆಲ್, ಯಾರಿಗೂ ಕೇಳಿಸುವಷ್ಟು. ಟ್ರಾನ್ಸಿಸ್ಟರ್ ರಿಸೀವರಿನ ಡ್ಯಾಂಪಿಂಗ್ ಫ್ಯಾಕ್ಟರ್ 40 ಇದ್ದರೆ ಅದೇ ಅಂತರ ಮೂರನೇ ಒಂದು ಡೆಸಿಬೆಲ್‌ಗೆ ಇಳಿಯುತ್ತದೆ. ವಾಲ್ವಿನ ಇಂಪು ಎನ್ನುವುದರಲ್ಲಿ ದೊಡ್ಡ ಪಾಲು ಈ ಲೆಕ್ಕದ್ದು. ಅದು ಸ್ಪೀಕರ್ ಬದಲಾದರೆ ಬದಲಾಗುತ್ತದೆ. ಹಾಗಾಗಿ ಫಿಶರ್ 500-ಸಿ ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆಗೆ ಸ್ಪೀಕರ್ ಯಾವುದೆಂದು ಹೇಳದೆ ಉತ್ತರವಿಲ್ಲ.

1985ರಲ್ಲಿ ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕ ಬಾಬ್ ಕಾರ್ವರ್ ಸ್ಟೀರಿಯೋಫೈಲ್ ಪತ್ರಿಕೆಯವರಿಗೆ ಹಾಕಿದ ಸವಾಲು ಈ ವಿಷಯದಲ್ಲಿ ಮೈಲಿಗಲ್ಲು. ಅವರು ಆರಿಸಿಕೊಟ್ಟ ದುಬಾರಿ ವಾಲ್ವ್ ಆಂಪಿನಂತೆಯೇ ಕೇಳಿಸುವ ಹಾಗೆ ಕಾರ್ವರ್ ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ತಿದ್ದಿದ. ವಿಧಾನ ಸರಳ: ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟು, ಎರಡರ ಔಟ್‌ಪುಟ್ ನಡುವಿನ ವ್ಯತ್ಯಾಸವನ್ನಷ್ಟೇ ಹೊರತೆಗೆದು, ಅದು ಸಾಧ್ಯವಾದಷ್ಟು ಸೊನ್ನೆಯ ಹತ್ತಿರ ಬರುವವರೆಗೆ ತನ್ನ ಆಂಪನ್ನು ಬದಲಿಸುತ್ತ ಹೋದ. ಕೊನೆಗೆ ಪತ್ರಿಕೆಯವರ ಕಿವಿಗೆ ಎರಡೂ ಒಂದೇ ಆದವು. ಒಪ್ಪದವರು ಇಂದಿಗೂ ಇದ್ದಾರೆ, ಇರಲಿ.

4 ಓಮ್ ಸ್ಪೀಕರ್‌ಗಳನ್ನು ರಿಸೀವರ್ ಹಿಂದಿನ ಎ ಮತ್ತು ಬಿ ಎಂಬ ಎರಡೂ ಸ್ಪೀಕರ್ ತುದಿಗಳಿಗೆ ಜೋಡಿಸಿ ಒಟ್ಟಿಗೆ ಓಡಿಸುವುದು ಹಳೆಯ ರಿಸೀವರ್ ಕೊಲ್ಲುವ ನೇರ ದಾರಿ. ಪ್ಯಾರಲಲ್ ಆದರೆ 2 ಓಮ್.

ಇಷ್ಟಾದ ಮೇಲೂ ಉಳಿಯುವುದು

ಇಲ್ಲಿಗೆ ಬಂದರೆ ಬ್ರಾಂಡ್ ಬ್ರಾಂಡಿಗೆ, ಮಾಡೆಲ್ ಮಾಡೆಲ್ಲಿಗೆ ನಿಜಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಫೋನೋ ಹಂತ, ಅಂದರೆ ಎಲ್‌ಪಿ ತಟ್ಟೆಯ ಕ್ಷೀಣ ಸಿಗ್ನಲ್ಲನ್ನು ಹಿಗ್ಗಿಸುವ ಭಾಗ. ಎಲ್‌ಪಿ ಕೇಳುವವರಿಗೆ ಹಳೆಯ ರಿಸೀವರಿನ ಬೆಲೆ ಇರುವುದೇ ಇಲ್ಲಿ. ಇನ್‌ಪುಟ್ ಸುಮಾರು 47 ಕಿಲೋಓಮ್, ಬಹುತೇಕ ಎಲ್ಲರದೂ ಒಂದೇ, ಆದರೆ ಕೆಪಾಸಿಟೆನ್ಸ್ ಬೇರೆಬೇರೆ. ಕಾರ್ಟ್ರಿಡ್ಜಿನ (ಮುಳ್ಳು ಕೂತಿರುವ ಪುಟ್ಟ ಗೂಡು) ಸುರುಳಿ 500 ಮಿಲಿಹೆನ್ರಿ ಇದ್ದು, ಕೇಬಲ್ಲೂ ರಿಸೀವರೂ ಸೇರಿ 300 ಪಿಕೋಫ್ಯಾರಡ್ ಆದರೆ ಅನುರಣನ 13 ಕಿಲೋಹರ್ಟ್ಜ್‌ನಲ್ಲಿ ಕೂರುತ್ತದೆ, ಅಲ್ಲೇ ಟ್ರೆಬಲ್ ಉಬ್ಬಿ ಅದರಾಚೆ ಕುಸಿಯುತ್ತದೆ. 150 ಇದ್ದರೆ ಅದು 18 ಕಿಲೋಹರ್ಟ್ಜ್ ದಾಟಿ ತಂಟೆ ಮಾಡುವುದಿಲ್ಲ. ಒಂದೇ ಕಾರ್ಟ್ರಿಡ್ಜ್ ಒಂದು ರಿಸೀವರಿನಲ್ಲಿ ಚುರುಕು, ಇನ್ನೊಂದರಲ್ಲಿ ಸಮ ಅನ್ನಿಸುವುದಕ್ಕೆ ಕಾರಣ ಇದು. ಇನ್ನೊಂದು ಗುಂಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಮೋಡ್ ಸ್ವಿಚ್. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ಹಳೆಯ ಮೋನೋ ಕನ್ನಡ ಚಿತ್ರಗೀತೆಗಳ ತಟ್ಟೆಗಳನ್ನು ಸ್ಟೀರಿಯೋ ಕಾರ್ಟ್ರಿಡ್ಜಿನಲ್ಲಿ ಕೇಳುವಾಗ ಮೋನೋ ಒತ್ತಿ. ಮುಳ್ಳು ಮೇಲೆ-ಕೆಳಗೆ ಅಲುಗಿದ್ದರಿಂದ ಬರುವ ಗೊರಗೊರ ಎರಡು ಚಾನೆಲ್‌ಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿರುತ್ತದೆ, ಸೇರಿಸಿದರೆ ಅಳಿದುಹೋಗುತ್ತದೆ. ಹಾಡು ಹಾಗೇ ಉಳಿಯುತ್ತದೆ. ಈಗಿನ ಬಹುತೇಕ ಆಂಪ್‌ಗಳಲ್ಲಿ ಈ ಸ್ವಿಚ್ಚೇ ಇಲ್ಲ.

ಲೌಡ್‌ನೆಸ್ ಇನ್ನೊಂದು. ಮೆಲ್ಲಗೆ ಕೇಳುವಾಗ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ; ಅದನ್ನು ತುಂಬಲೆಂದೇ ಆ ಗುಂಡಿ. ಹೆಚ್ಚಿನ ಕಂಪನಿಗಳದು ಒಂದೇ ಹಂತದ ಆನ್-ಆಫ್. ನಿಮ್ಮ ಸ್ಪೀಕರ್, ನಿಮ್ಮ ಕೋಣೆಗೆ ಹೊಂದಿದರೆ ಅದೃಷ್ಟ. ಯಮಾಹಾ ಅದನ್ನು ತಿರುಗಿಸುವ ಪ್ರತ್ಯೇಕ ಗುಂಡಿಯಾಗಿ ಕೊಟ್ಟಿತು. ವಾಲ್ಯೂಮನ್ನು ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ಇಟ್ಟು, ಆಮೇಲೆ ಲೌಡ್‌ನೆಸ್ ಗುಂಡಿಯಿಂದ ಇಳಿಸುತ್ತ ಬರಬೇಕು. ಇಳಿಸಿದಷ್ಟೂ ಬಾಸ್ ತಾನಾಗಿ ತುಂಬುತ್ತದೆ. ರಾತ್ರಿ ಮನೆಯವರು ಮಲಗಿದ ಮೇಲೆ ಕೇಳುವವರಿಗೆ ನಾನು ಸಿಆರ್ ಸರಣಿಯನ್ನೇ ಹೇಳುವುದು ಈ ಒಂದು ಗುಂಡಿಗಾಗಿ. ಅದನ್ನು ಒಣಕಲು ಎನ್ನುವವರು ಆ ಗುಂಡಿ ಮುಟ್ಟಿರಲಾರರು.

ಎಫ್‌ಎಂ ವಿಷಯದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸೂಕ್ಷ್ಮ ಇದೆ. ಪ್ರಸಾರ ಕೇಂದ್ರ ಟ್ರೆಬಲ್ಲನ್ನು ಏರಿಸಿ ಕಳಿಸುತ್ತದೆ, ರಿಸೀವರ್ ಅಷ್ಟೇ ಇಳಿಸುತ್ತದೆ. ಅಮೆರಿಕದಲ್ಲಿ ಇದರ ಅಳತೆ 75 ಮೈಕ್ರೋಸೆಕೆಂಡ್, ಇಲ್ಲಿ 50. ಅಮೆರಿಕಕ್ಕೆಂದು ಮಾಡಿದ ರಿಸೀವರ್ ಬೆಂಗಳೂರಿನಲ್ಲಿ 101.3ರ ರೇನ್‌ಬೋ ಅಥವಾ 102.9ರ ವಿವಿಧ ಭಾರತಿ ಹಿಡಿದಾಗ 10 ಕಿಲೋಹರ್ಟ್ಜ್‌ನಲ್ಲಿ 3 ಡೆಸಿಬೆಲ್ ಹೆಚ್ಚು ಇಳಿಸಿಬಿಡುತ್ತದೆ. ದನಿ ಕಂಬಳಿ ಹೊದ್ದಂತೆ ಮಂದ. ಈ ಇಳಿಸುವ ಭಾಗವಾದ ಡೀ-ಎಂಫಸಿಸ್‌ನ ಕೆಪಾಸಿಟರನ್ನು ಮೂರನೇ ಎರಡಕ್ಕೆ ಇಳಿಸಿದರೆ ಸರಿಯಾಗುತ್ತದೆ. ಕೆಲವು ರಫ್ತು ಮಾಡೆಲ್‌ಗಳ ಹಿಂದೆ ಇದಕ್ಕೆ ಸ್ವಿಚ್ಚೇ ಇದೆ. ಜಪಾನಿನ ಒಳಮಾರುಕಟ್ಟೆಯ ಪೆಟ್ಟಿಗೆಗಳನ್ನು ಎಫ್‌ಎಂಗೆಂದು ಕೊಳ್ಳಲೇಬೇಡಿ. ಅವು 76ರಿಂದ 90 ಮೆಗಾಹರ್ಟ್ಜ್‌ಗೆ ಮಾಡಿದವು. ಡಿಜಿಟಲ್ ಟ್ಯೂನರಿನ ಅಮೆರಿಕದ ಪೆಟ್ಟಿಗೆಗಳು ಮಧ್ಯಮ ತರಂಗದಲ್ಲಿ 10 ಕಿಲೋಹರ್ಟ್ಜ್ ಹೆಜ್ಜೆ ಹಾಕುತ್ತವೆ, ಬೆಂಗಳೂರಿನ 612 ಆಗಲಿ ಧಾರವಾಡದ 765 ಆಗಲಿ ಅವಕ್ಕೆ ಸರಿಯಾಗಿ ಸಿಗುವುದಿಲ್ಲ. ಹಿಂದೆ 9/10 ಸ್ವಿಚ್ ಇದೆಯೇ ನೋಡಿ. ಮುಳ್ಳು ಸರಿಯುವ ಹಳೆಯ ಟ್ಯೂನರ್‌ಗಳಿಗೆ ಈ ಗೋಳಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಗರಾಜ್ ಸೇಲಿನಲ್ಲಿ ಕೊಂಡು ಊರಿಗೆ ತರುವ ಪೆಟ್ಟಿಗೆಗಳ ಬಗ್ಗೆ ಇನ್ನೊಂದು ಮಾತು. ಹಿಂಭಾಗದಲ್ಲಿ ವೋಲ್ಟೇಜ್ ಆಯ್ಕೆಯ ಗುಂಡಿ ಇಲ್ಲದಿದ್ದರೆ ಅದು 120 ವೋಲ್ಟ್, 60 ಹರ್ಟ್ಜ್‌ನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು: ಚಾನೆಲ್ಲಿಗೆ 50 ವ್ಯಾಟ್‌ವರೆಗಿನದಕ್ಕೆ 500 ವಿಎ, ನೂರು ದಾಟಿದ್ದಕ್ಕೆ 1000. ಆದರೆ ಹರ್ಟ್ಜ್ ಬದಲಾಗುವುದಿಲ್ಲ. 60ಕ್ಕೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಓಡಿದಾಗ ಕಬ್ಬಿಣದೊಳಗಿನ ಕಾಂತಹರಿವು ನೂರಕ್ಕೆ ಇಪ್ಪತ್ತು ಹೆಚ್ಚುತ್ತದೆ, ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಆದ್ದರಿಂದ 120ರ ಬದಲು 110 ವೋಲ್ಟ್ ಕೊಡುವ ಸ್ಟೆಪ್‌ಡೌನ್ ತೆಗೆದುಕೊಳ್ಳಿ. ಕಳೆದುಕೊಳ್ಳುವುದು ಮುಕ್ಕಾಲು ಡೆಸಿಬೆಲ್ ಪವರ್, ಅಷ್ಟೆ. ಜಪಾನಿನ 100 ವೋಲ್ಟ್ ಪೆಟ್ಟಿಗೆಗೆ 110 ಕೊಡುವುದು ಮಾತ್ರ ಬೇಡ. ನಮ್ಮಲ್ಲಿ ಲೈನ್ 245 ಮುಟ್ಟಿದ ದಿನ ಅದು 117 ಆಗಿರುತ್ತದೆ, ಹಳೆಯ ಫಿಲ್ಟರ್ ಕೆಪಾಸಿಟರ್‌ಗಳು ತಡೆಯುವುದಿಲ್ಲ.

1990ರ ನಂತರದ ಎವಿ (ಮನೆಯಲ್ಲಿ ಸಿನಿಮಾ ನೋಡಲು ಮಾಡಿದ) ರಿಸೀವರ್‌ಗಳನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ಐದು ಚಾನೆಲ್ಲಿಗೆ ಹಂಚಿಹೋದ ಒಂದೇ ಟ್ರಾನ್ಸ್‌ಫಾರ್ಮರ್, ಅನೇಕ ಮಾಡೆಲ್‌ಗಳಲ್ಲಿ ಅನಲಾಗ್ ಸಿಗ್ನಲ್ಲನ್ನೂ ಮತ್ತೆ ಡಿಜಿಟಲ್ ಮಾಡಿ ಹೊರಬಿಡುವ ದಾರಿ. ಡೈರೆಕ್ಟ್ ಮೋಡ್ ಒತ್ತಿ ಕೇಳಿದರೆ ಎರಡು ಚಾನೆಲ್‌ಗೆ ಅವೂ ಸಾಕಷ್ಟು ಚೆನ್ನಾಗಿಯೇ ಇರುತ್ತವೆ, ಬೆಲೆಯೂ ತೀರಾ ಕಡಿಮೆ. ದೀಪದ ಚೆಲುವು ಇಲ್ಲ, ಅಷ್ಟೆ.

ಕೊಳ್ಳಲು ಹೋಗುವಾಗ ಒಂದು ಮಲ್ಟಿಮೀಟರ್, ಹೋದರೂ ಅಳಬೇಕಿಲ್ಲದ ಒಂದು ಜೋಡಿ ಚಿಕ್ಕ ಸ್ಪೀಕರ್, ಆಕ್ಸ್ ಕೇಬಲ್, ಮತ್ತು 100 ವ್ಯಾಟಿನ ತಂತಿ ಬಲ್ಬು ಹಾಕಿದ ಸೀರೀಸ್ ಬೋರ್ಡ್ (ಪೆಟ್ಟಿಗೆಗೆ ಹೋಗುವ ಕರೆಂಟು ಬಲ್ಬಿನ ಮೂಲಕ ಹಾಯುವ ಹಲಗೆ) ಒಯ್ಯಿರಿ. ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಯನ್ನು ನೇರ ಲೈನಿಗೆ ಸಿಕ್ಕಿಸಲು ಬಿಡಬೇಡಿ. ಸೀರೀಸ್‌ನಲ್ಲಿ ಹಾಕಿದಾಗ ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಕೆಲವು ಸೆಕೆಂಡಿಗೆ ರಿಲೇ ಟಕ್ ಎನ್ನಬೇಕು. ಬಲ್ಬು ಮಂಕಾಗಿದ್ದೂ ರಿಲೇ ಅನ್ನದಿದ್ದರೆ ಅದು ಬಲ್ಬಿನಿಂದಾಗಿ ಇರಬಹುದು; ಆಗ ಮಾತ್ರ ನೇರ ಲೈನಿಗೆ ಹಾಕಿ ಮತ್ತೊಮ್ಮೆ ನೋಡಿ. ಆಗ ಸ್ಪೀಕರ್ ಜೋಡಿಸುವ ಮೊದಲು ಡಿಸಿ ಅಳೆಯಿರಿ. ನೂರು ಮಿಲಿವೋಲ್ಟ್ ದಾಟಿದ್ದರೆ ರಿಪೇರಿ ಖರ್ಚು ಕಳೆದು ಬೆಲೆ ಮಾತಾಡಿ. ಮಾರುವವರು ಒಪ್ಪದಿದ್ದರೆ ಮುಂದಿನ ಅಂಗಡಿ.